ಗಡಿಗೆ ಹೆಣೆದ ಲೇಸು

ಎಷ್ಟು ಹಿಂದೆ ಎಂದು ಕೇಳಬೇಡಿ. ರಾಜ್ಯಗಳಿಗೂ ಬಟ್ಟೆಯ ಹಾಗೆ ಅಂಚು ಇದ್ದ ಕಾಲ ಅದು. ಮಂದಾರಪುರವೆಂಬ ರಾಜ್ಯದ ಅಂಚನ್ನು ಗಂಟುಗಣ್ಣನೆಂಬ ಮಾಂತ್ರಿಕ ಕದ್ದು ಸುಟ್ಟುಬಿಟ್ಟ. ಅಂಚಿಲ್ಲದ ಬಟ್ಟೆ ಏನಾಗುತ್ತದೆ? ಎಳೆ ಬಿಡುತ್ತದೆ. ರಾಜ್ಯವೂ ಎಳೆ ಬಿಟ್ಟಿತು. ಗಡಿಯ ಹೊಲ, ಹೊಲದ ಬಾವಿ, ಬಾವಿಕಟ್ಟೆಯ ಮೇಲೆ ಕೂತಿದ್ದ ಕುರಿಗಾಹಿ ಮಾಚಯ್ಯ, ಎಲ್ಲ ಎಳೆ ಎಳೆಯಾಗಿ ಗಾಳಿಗೆ ಹಾರಿದವು.

ಮಾಚಯ್ಯನ ತಂಗಿ ಚೆನ್ನಾಜಿ. ರಾಣಿಯ ರವಿಕೆಯ ತೋಳಿಗೆ ಹಳೆಯ ಕಾಲದ ಬೆರಳಗಲದ ಲೇಸು ಹೆಣೆಯುವವಳು. ಸುದ್ದಿ ಕೇಳಿ ಅತ್ತಳು. ಅತ್ತು ಮುಗಿಸಿ, ಹೆಣಿಗೆಯ ಎರಡು ಕಡ್ಡಿ ಹಿಡಿದು ರಾಜನ ಮುಂದೆ ನಿಂತಳು.

“ಮಹಾಪ್ರಭು, ಹೊಸ ಅಂಚು ನಾನು ಹೆಣೀತೀನಿ. ಅಂಚು ನಿಂತ್ರೆ ಹಾರಿದ ಎಳೆಗಳೆಲ್ಲ ತಿರುಗಿ ಬಂದು ಸೇರ್ಕೋತವೆ. ನನ್ನಣ್ಣನೂ ಬರ್ತಾನೆ.”

“ಹೆಣೆ ಮಗಳೇ, ಬೇಗ ಹೆಣೆ!” ಎಂದ ರಾಜ.

ಲೇಸೆಂದರೆ ಸಾಲು ಸಾಲು ಕಣ್ಣು. ಆ ತೂತುಗಳಲ್ಲಿ ಮಾಂತ್ರಿಕ ನುಸುಳಿದರೆ? ಚೆನ್ನಾಜಿ ಹೆದರಿ, ಒಂದೂ ಕಣ್ಣು ಇಡದೆ ಹೆಣೆದಳು. ಕಣ್ಣಿಲ್ಲದ ಪಟ್ಟಿ ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡಿತು. ಗಂಟುಗಣ್ಣ ಕೋಣವಾಗಿ ಬಂದು ಅದನ್ನು ಕೊಂಬಿನಲ್ಲಿ ಎತ್ತಿ ಎಸೆದ.

ಎರಡನೆಯ ಸಲ ದಪ್ಪ ನೂಲು ತಂದು ಇನ್ನೂ ಬಿಗಿಯಾಗಿ ಹೆಣೆದಳು. ಗಂಟುಗಣ್ಣ ಸುಂಟರಗಾಳಿಯಾಗಿ ಬಂದ. ಗಾಳಿಗೆ ದಾರಿಯೇ ಇರಲಿಲ್ಲ, ಪಟ್ಟಿ ಪರ್ರನೆ ಹರಿಯಿತು. ಅರಮನೆಯ ಮೆಟ್ಟಿಲುಗಳೂ ಎಳೆ ಬಿಟ್ಟವು. ರಾಜನ ಎಡಮೀಸೆ ಹಾರಿಯೇ ಹೋಯಿತು!

“ನನ್ನ ತೋಳಿನ ಲೇಸು ಒಂದು ದಿನವೂ ಸುತ್ತಿಕೊಳ್ಳಲಿಲ್ಲ, ಹರೀಲೂ ಇಲ್ಲವಲ್ಲೇ ಚೆನ್ನಾಜಿ?” ಎಂದಳು ರಾಣಿ.

“ಹೌದಲ್ಲಾ ತಾಯೀ! ಹೆದರಿಕೇಲಿ ಬುದ್ಧಿಗೆ ಮಂಕು ಕವೀತು.”

ಮೂರನೆಯ ಸಲ ಕಣ್ಣಿಟ್ಟೇ ಹೆಣೆದಳು. ಕಡ್ಡಿಗೆ ನೂಲು ಸುತ್ತಿದರೆ ಒಂದು ಕಣ್ಣು ತೆರೆಯುತ್ತದೆ. ಪಕ್ಕದ ಎರಡು ಕುಣಿಕೆಗಳನ್ನು ಒಂದು ಮಾಡಿದರೆ ಅದು ಬಿಗಿಯಾಗಿ ನಿಲ್ಲುತ್ತದೆ. ಸುಂಟರಗಾಳಿ ಬಂತು, ಕಣ್ಣುಗಳಲ್ಲಿ ಹಾದು ಸುಮ್ಮನೆ ಹೋಯಿತು. ಅಂಚು ಅಲುಗಲಿಲ್ಲ. ಆದರೆ ಕೊನೆಯ ಕಣ್ಣಿನ ಪಕ್ಕದ ಕುಣಿಕೆಗಳನ್ನು ಅವಳು ಬೇಕೆಂದೇ ಒಂದು ಮಾಡದೆ ಹಾಗೆಯೇ ಬಿಟ್ಟಳು.

ಗಂಟುಗಣ್ಣ ಹಾವಾಗಿ ಹರಿದು ಬಂದ. “ಬಾಗಿಲು ತೆರೆದೇ ಇಟ್ಟಿದ್ದೀಯಲ್ಲೇ ಪೆದ್ದೀ!” ಎಂದು ತಲೆ ತೂರಿಸಿದ. ಚೆನ್ನಾಜಿ ನೂಲಿನ ತುದಿ ಹಿಡಿದು ಕಾದಳು. ಕುತ್ತಿಗೆ ಒಳಗೆ ಬಂದದ್ದೇ ತಡ, ಎರಡು ಕುಣಿಕೆಗಳನ್ನು ಒಂದು ಮಾಡಿ ನೂಲು ಜಗ್ಗಿದಳು.

“ಅಯ್ಯೋ, ಬಿಡು ತಾಯೀ!”

ಬಿಗಿದಷ್ಟೂ ಅವನ ಮಂತ್ರವೆಲ್ಲ ಉಸಿರಿನೊಂದಿಗೆ ಹೊರಗೆ ಹೋಯಿತು. ಕೊನೆಗೆ ಉಳಿದದ್ದು ಒಂದು ಎರೆಹುಳು. ಅದು ಪುಳಕ್ಕನೆ ಉದುರಿ ಮಣ್ಣಿಗೆ ಇಳಿಯಿತು. ಅಂದಿನಿಂದ ಅದಕ್ಕೆ ರೈತರ ಹೊಲ ಸಡಿಲಿಸುವುದೇ ಕೆಲಸ.

ಎಳೆಗಳು ಹಾರಿ ಹಾರಿ ಬಂದವು. ಹೊಲ ಬಂತು, ಬಾವಿ ಬಂತು, ರಾಜನ ಮೀಸೆಯೂ ಬಂತು. ಬಾವಿಕಟ್ಟೆಯ ಮೇಲೆ ಮಾಚಯ್ಯ ಕಣ್ಣುಜ್ಜಿಕೊಂಡು ಕೂತಿದ್ದ. ಎಳೆಗಳ ಅವಸರದಲ್ಲಿ ಅವನ ಕಿವಿಯಲ್ಲಿ ಒಂದು ತೂತು ಉಳಿದುಬಿಟ್ಟಿತ್ತು. ಚೆನ್ನಾಜಿ ಅಳುತ್ತಲೇ ಅದನ್ನು ಮುಚ್ಚಲು ಕಡ್ಡಿ ತೆಗೆದಳು.

“ಇರ್ಲಿ ಬಿಡು ತಂಗೀ,” ಮಾಚಯ್ಯ ನಕ್ಕ, “ತಂಪಾಗಿ ಗಾಳಿ ಆಡ್ತದೆ.”

ಮಂದಾರಪುರದವರು ಉಂಡುಟ್ಟು ಸುಖವಾಗಿದ್ದರು. ಅಣ್ಣ ಕುರಿ ಕಾಯ್ದ, ತಂಗಿ ಲೇಸು ಹೆಣೆದಳು, ಕಣ್ಣಿಡಲು ಮತ್ತೆಂದೂ ಹೆದರಲಿಲ್ಲ.