ಕೆಂಪಾಗದ ಅಂಚು

ಮಂಗಳವಾರ ಮಧ್ಯಾಹ್ನ 2.40ಕ್ಕೆ ಡಯಾಲಿಸಿಸ್ ಕೇಂದ್ರದ ನಿರ್ದೇಶಕಿ ಶಿಯಾವ್, ಸಿಂಚು ನಗರದ ಠಾಣೆಗೆ ದೂರು ತಂದರು. ಬೆಳಿಗ್ಗೆ ರೋಗಿಗಳ ಸರದಿಪಟ್ಟಿ ಸರ್ವರ್‌ನಿಂದ ಪೂರ್ತಿ ಅಳಿಸಿಹೋಗಿತ್ತು. ಹೆಸರಿಲ್ಲವೆಂದು ಬಾಗಿಲಿನಿಂದಲೇ ವಾಪಸ್ ಕಳಿಸಿದ ಮುದುಕಿಯೊಬ್ಬಳು ಐಸಿಯು ಸೇರಿದ್ದಳು. ಇನ್ಸ್‌ಪೆಕ್ಟರ್ ಕ್ವೋ ಎಫ್‌ಐಆರ್ ದಾಖಲಿಸಿದರು.

ಅಳಿಸುವ ಆದೇಶ ಹೋದದ್ದು ಕೇಂದ್ರದ ಹೊಸ ಇಂಜಿನಿಯರ್ ಯೀ-ಚೆನ್ ಮನೆಯಲ್ಲಿ ಕೂತು ಬಳಸುವ ಲ್ಯಾಪ್‌ಟಾಪ್‌ನಿಂದ. ಹುಡುಗಿ ಅತ್ತು ಅತ್ತು ಸೋತಿದ್ದಳು.

"ಅಳಿಸೋ ಆದೇಶನ ಅಭ್ಯಾಸಕ್ಕೆ ಅಂತ ನನ್ನ ಲ್ಯಾಪ್‌ಟಾಪ್‌ನಲ್ಲೇ ಓಡಿಸ್ದೆ ಸಾರ್, ಸುಳ್ಳು ಹೆಸರುಗಳ ಪಟ್ಟಿ ಮೇಲೆ. ಸರ್ವರ್‌ಗೆ ಸೇರ್ಕೊಂಡಿದ್ರೆ ಪರದೆ ಅಂಚು ಕೆಂಪಾಗುತ್ತೆ. ನೀಲಿನೇ ಇತ್ತು!"

"ಸಿಕ್ಕಿಬಿದ್ದೋರೆಲ್ಲ ಹೀಗೇ ಹೇಳ್ತಾರಮ್ಮ," ಎಂದರು ಕ್ವೋ. ಅವಳಿಗೆ ಜೈಲು ಖಚಿತವೆಂದೇ ಅವರೆಣಿಸಿದ್ದರು.

ಸಂಜೆ ಸರ್ವರ್ ಕೋಣೆಯ ಪಂಚನಾಮೆ. ಯಂತ್ರದ ನೆತ್ತಿಯ ಮೇಲೆ ಕುರುಕಲು ತಿಂಡಿಯ ಹಸಿರು ಪ್ಯಾಕೆಟ್ ಕೂತಿತ್ತು. ಯಂತ್ರ ತಂಟೆ ಮಾಡದಿರಲೆಂದು ಇಲ್ಲಿ ಎಲ್ಲರೂ ಇಡುತ್ತಾರೆ, ತಾರೀಖು ಮುಗಿದರೆ ಬದಲಿಸುತ್ತಾರೆ. ಠಾಣೆಯ ಕಂಪ್ಯೂಟರಿನ ಮೇಲೂ ಒಂದಿದೆ. ಕಾನ್‌ಸ್ಟೆಬಲ್ ಪೆಂಗ್ ದಿನಾ ಖಾಲಿಯಾಗುವ ಕಸದ ಬುಟ್ಟಿಗೆ ಕೈಹಾಕಿದಳು.

"ಸಾರ್, ಹಳೇ ಪ್ಯಾಕೆಟ್ ಇಲ್ಲಿದೆ. ತಾರೀಖು ಇನ್ನೂ ಮುಗಿದೇ ಇಲ್ಲ."

"ದೊಡ್ಡ ಕೆಲಸಕ್ಕೆ ಮುಂಚೆ ತಾನೇ ಹೊಸದಿಡೋದು? ಇವತ್ತೇನಿತ್ತು ಮೇಡಂ?" ಕ್ವೋ ಜೊತೆಗಿದ್ದ ನಿರ್ದೇಶಕಿಯತ್ತ ತಿರುಗಿದರು.

"ಏನೂ ಇರ್ಲಿಲ್ಲ," ಎಂದರು ಶಿಯಾವ್. "ಈ ಕೋಣೆ ಕೀಲಿ ಇರೋದು ಹಿರಿಯ ಇಂಜಿನಿಯರ್ ಲೈ ಹತ್ರ ಮಾತ್ರ."

ಲೈಯನ್ನು ಕರೆಸಿದರು.

"ಪ್ಯಾಕೆಟ್ ಯಾಕೆ ಬದಲಾಯ್ಸಿದ್ರಿ?"

"ಸುಮ್ನೆ."

"ತಾರೀಖಿರೋದನ್ನ ಸುಮ್ನೆ ಯಾರಯ್ಯಾ ಎಸೀತಾರೆ? ನಾನಂತೂ ಮುಟ್ಟೋದೂ ಇಲ್ಲ. ನಿನ್ನೆ ತನ್ನ ಲ್ಯಾಪ್‌ಟಾಪ್ ರಿಪೇರಿಗೆ ಇಸ್ಕೊಂಡೋರೂ ನೀವೇ ಅಂತಾಳಲ್ಲ ಆ ಹುಡುಗಿ?"

ಲೈ ಹೌದೆಂದ. ತಂತ್ರಜ್ಞರು ಲ್ಯಾಪ್‌ಟಾಪ್ ಬಿಚ್ಚಿ ನೋಡಿದಾಗ ಉಳಿದದ್ದೂ ಹೊರಬಂತು. ಅವಳ ಅಭ್ಯಾಸದ ಪಟ್ಟಿಯ ಜಾಗಕ್ಕೆ ಸರ್ವರ್‌ನದನ್ನು ಜೋಡಿಸಿ, ಕೆಂಪು ಅಂಚನ್ನು ನೀಲಿ ಮಾಡಿಟ್ಟವನು ಅವನೇ. ರಾತ್ರಿ 8.15ಕ್ಕೆ ಬಂಧನ.

ವರ್ಷಗಟ್ಟಲೆ ಅವನು ಆ ಯಂತ್ರದ ಪಕ್ಕದಲ್ಲೇ ಊಟ ಮಾಡಿದ್ದ. ಮನೆಯಿಂದಲೇ ಎಲ್ಲ ನಡೆಯುವಾಗ ಪಕ್ಕದಲ್ಲೊಬ್ಬ ಕಾವಲು ಯಾಕೆಂದು ಅವನ ಕೆಲಸವನ್ನೇ ತೆಗೆಯುವವರಿದ್ದರು. ಪಟ್ಟಿ ಅಳಿಸಿದೊಡನೆ ತಾನೆತ್ತಿಟ್ಟ ಪ್ರತಿಯಿಂದ ಎಲ್ಲ ಸರಿಮಾಡಿ, ತಾನಿಲ್ಲದೆ ಆಗದೆಂದು ತೋರಿಸುವ ಆಸೆ. ಪ್ರತಿ ತೆರೆಯದೆ ಕೈಕೊಟ್ಟಿತು. ಪಾಪ ಎನ್ನಬೇಕೆನಿಸಿದರೂ ಆ ಮುದುಕಿಯ ನೆನಪಾಗಿ ಕ್ವೋ ಬೇಡಿ ಬಿಗಿದರು.

ಜೀಪು ಹತ್ತುವಾಗ ಲೈ ಕೇಳಿದ: "ಈಗ ಸರ್ವರ್ ಹತ್ರ ಯಾರಿದ್ದಾರೆ ಸಾರ್?"

"ಯಾರೂ ಇಲ್ಲ. ಆ ಹುಡುಗಿ ಬೇರೆ ಲ್ಯಾಪ್‌ಟಾಪ್ ಹಿಡ್ಕೊಂಡು, ರೋಗಿಗಳ ಹಳೇ ಚೀಟಿಗಳನ್ನ ನೋಡ್ತಾ ಮನೇಲಿ ಕೂತೇ ಪಟ್ಟಿ ಸರಿಮಾಡ್ತಿದ್ದಾಳೆ."