ಒಂಟೆ ಕದಲಲಿಲ್ಲ

ಶುಕ್ರವಾರ ಬೆಳಿಗ್ಗೆ ಹಾಲು ತಂದ ಯಮುನಮ್ಮ ಬಾಗಿಲು ತಳ್ಳಿದಳು. ನಿವೃತ್ತ ಗಣಿತದ ಮೇಷ್ಟ್ರು ಹೇರಂಬಯ್ಯ ಚದುರಂಗದ ಮಣೆಯ ಪಕ್ಕ ಬೋರಲು ಬಿದ್ದಿದ್ದರು. ಕುತ್ತಿಗೆಗೆ ಅವರದೇ ಟವೆಲು ಬಿಗಿದಿತ್ತು.

ಸಾಗರ ಠಾಣೆಯ ಸಬ್‌ಇನ್ಸ್‌ಪೆಕ್ಟರ್ ಸುಬ್ಬಪ್ಪ ಬಂದಾಗ ಏಳು ಗಂಟೆ. ಕಳುವಾಗಿರಲಿಲ್ಲ. ಕಿಟಕಿಯ ಕೆಳಗೆ ಒಂದು ಅಂಚೆ ಕಾರ್ಡು ಬಿದ್ದಿತ್ತು. ಸುಬ್ಬಪ್ಪ ಅದನ್ನೆತ್ತಿ ಮೇಜಿನ ಮೇಲಿಟ್ಟ. ಗಾಳಿಗೆ ಬಿದ್ದಿರಬೇಕು ಅಂದುಕೊಂಡ.

ಕಾರ್ಡು ಮುಂಬಯಿಯದು. ಅಲ್ಲಿನ ಒಂದು ಸಂಶೋಧನಾಲಯದ ಗಣಕಯಂತ್ರದ ಜೊತೆ ಮೇಷ್ಟ್ರು ಎಂಟು ತಿಂಗಳಿಂದ ಅಂಚೆಯಲ್ಲಿ ಚದುರಂಗ ಆಡುತ್ತಿದ್ದರು. ಎರಡು ವಾರಕ್ಕೊಮ್ಮೆ, ಗುರುವಾರ, ಯಂತ್ರದ ಕಾರ್ಡು ಬರುತ್ತಿತ್ತು. 1968ರ ಸಾಗರದಲ್ಲಿ ಅದು ಸಣ್ಣ ಸುದ್ದಿಯಲ್ಲ. ಯಂತ್ರ ಯಾವ ಕಾಯಿ ನಡೆಸಿತು ಎಂದು ಹೋಟೆಲಿನಲ್ಲೂ ಕೇಳುತ್ತಿದ್ದರು.

"ಸತ್ತದ್ದು ನಿನ್ನೆ ಹಗಲು," ಎಂದರು ಡಾಕ್ಟರು. "ಗಂಟೆ ಹೇಳೋದು ಕಷ್ಟ."

ಮಧ್ಯಾಹ್ನ ಶ್ರೀಕೃಷ್ಣ ತೀರ್ಥಹಳ್ಳಿಯಿಂದ ಓಡಿಬಂದ. ಮೇಷ್ಟ್ರ ಹಳೆಯ ಶಿಷ್ಯ, ಈಗ ತಾನೂ ಮೇಷ್ಟ್ರು. ದಿನಾ ಸಂಜೆ ಅದೇ ಮಣೆಯ ಮುಂದೆ ಕೂರುತ್ತಿದ್ದವನು. ಗುರುವಾರ ಹನ್ನೊಂದರ ಬಸ್ಸಿಗೆ ಅಲ್ಲಿನ ಅಕ್ಕನ ಮನೆಗೆ ಹೋಗಿದ್ದನಂತೆ. ಕಂಡಕ್ಟರೂ ಹೌದೆಂದ.

"ಮೇಷ್ಟ್ರು ನಿನ್ನೆ ಉತ್ತರ ಕಳಿಸಿದ್ರಾ? ಪೋಸ್ಟಾಫೀಸಲ್ಲಿ ಕೇಳಿ ಸರ್," ಎಂದ ಶ್ರೀಕೃಷ್ಣ, ಕಣ್ಣೊರೆಸಿಕೊಂಡು.

ಕಳಿಸಿದ್ದರು. ಮುಂಬಯಿಯ ಕಾರ್ಡನ್ನು ಪೋಸ್ಟ್‌ಮ್ಯಾನ್ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಎಂದಿನಂತೆ ಕಿಟಕಿಯಿಂದ ಒಳಗೆ ಹಾಕಿದ್ದ. ನಾಲ್ಕರ ಅಂಚೆ ಚೀಲದಲ್ಲಿ ಮೇಷ್ಟ್ರ ಉತ್ತರ ಮುಂಬಯಿಗೆ ಹೊರಟಿತ್ತು. ಕಾರ್ಡು ನೋಡದೆ ಉತ್ತರ ಬರೆಯಲಾಗದು. ಹಾಗಾದರೆ ಎರಡು ಗಂಟೆಯ ಮೇಲೂ ಮೇಷ್ಟ್ರು ಬದುಕಿದ್ದರು.

ಗುರುವಾರ ಸಂಜೆ ಐದು ಗಂಟೆಗೆ ಬೀದಿಯವರಿಗೆ ಆ ಬಾಗಿಲಲ್ಲಿ ಕಂಡವನು ಮಾಸ್ತಪ್ಪ. ಹೊಸನಗರದ ಕಡೆಯವನು, ಮೇಷ್ಟ್ರ ಗದ್ದೆಯ ಗೇಣಿದಾರ. ಗದ್ದೆ ಬಿಡಿಸುತ್ತಾರೆಂದು ಹಿಂದಿನ ವಾರ ಬೀದಿಯಲ್ಲೇ ಕೂಗಾಡಿದ್ದ. ಸುಬ್ಬಪ್ಪ ಮತ್ತೆ ಯೋಚಿಸದೆ ಅವನನ್ನು ಹಿಡಿದು ಠಾಣೆಗೆ ತಂದ.

"ಬಾಗ್ಲು ಬಡ್ದೆ ಸಾಮಿ. ಒಳಗಿಂದ ಮಾತೇ ಬರ್ಲಿಲ್ಲ. ವಾಪಾಸು ಹೋದೆ."

"ಬಾಗಿಲಿಗೆ ಚಿಲಕ ಹಾಕಿರಲಿಲ್ಲವಲ್ಲ. ತಳ್ಳಲಿಲ್ಲ ಯಾಕೆ?"

"ಬ್ರಾಂಬ್ರ ಮನೆ. ನಾನು ತಳ್ಳಿ ಒಳಗೆ ಹೋಗಾಕಾಗುತ್ತಾ?"

ಸುಬ್ಬಪ್ಪ ಕೈಯೆತ್ತಿದ. ಎರಡು ಏಟು, ಎರಡೂ ಎಡಗಿವಿಯ ಮೇಲೆ. ಮಾರನೆಯ ದಿನದಿಂದ ಮಾಸ್ತಪ್ಪ ಮಾತು ಕೇಳಲು ತಲೆ ತಿರುಗಿಸಿ ಬಲಗಿವಿ ಕೊಡತೊಡಗಿದ.

* * *

ಹನ್ನೆರಡನೆಯ ದಿನ ಪೋಸ್ಟ್‌ಮಾಸ್ತರು ತಾವೇ ಠಾಣೆಗೆ ಬಂದರು. ಸತ್ತವರ ಹೆಸರಿಗೆ ಮುಂಬಯಿಯಿಂದ ಒಂದು ಕಾಗದ ಬಂದಿತ್ತು.

ಸುಬ್ಬಪ್ಪ ಒಡೆದು ಓದಿದ. ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. 'ನಿಮ್ಮ ಗುರುವಾರದ ನಡೆ ಆಡಲು ಬರುವುದಿಲ್ಲ. ನಿಮ್ಮ ಆನೆಯ ದಾರಿಯಲ್ಲಿ ನಮ್ಮ ಒಂಟೆ ಇನ್ನೂ ನಿಂತಿದೆ. ನಾವು ನಡೆಸಿದ್ದು ಕಾಲಾಳನ್ನು. ನಮ್ಮ ಕಾರ್ಡನ್ನು ನೋಡದೆ ಬರೆದಿರಾ? ಇನ್ನೊಂದು ವಿಷಯ, ಕಳೆದ ತಿಂಗಳು ಯಂತ್ರವನ್ನು ತಿದ್ದಿ, ಅದು ಎರಡರ ಬದಲು ನಾಲ್ಕು ನಡೆ ಮುಂದೆ ನೋಡುವಂತೆ ಮಾಡಿದ್ದೇವೆ.' ಜೊತೆಗೆ ಆ ಉತ್ತರದ ಕಾರ್ಡೂ ಇತ್ತು.

ಸುಬ್ಬಪ್ಪ ಎರಡು ಸಲ ಓದಿದ. ನೆಲದ ಮೇಲೆ ಬಿದ್ದಿದ್ದ ಕಾರ್ಡು ಕಣ್ಣಿಗೆ ಕಟ್ಟಿತು. ಅದನ್ನು ಗಾಳಿ ಬೀಳಿಸಿರಲಿಲ್ಲ. ಪೋಸ್ಟ್‌ಮ್ಯಾನ್ ಹಾಕಿದಲ್ಲೇ ಬಿದ್ದಿತ್ತು. ಎತ್ತಿಕೊಳ್ಳಲು ಮೇಷ್ಟ್ರಿರಲಿಲ್ಲ.

* * *

ಸಂಜೆ ಮೇಷ್ಟ್ರ ಮನೆಗೆ ಶ್ರೀಕೃಷ್ಣನನ್ನು ಕರೆಸಿದ. ಮಣೆ ಹಾಗೇ ಇತ್ತು.

"ನನಗೆ ಈ ಆಟ ಬರಲ್ಲ. ಯಂತ್ರ ಹೇಗೆ ಆಡುತ್ತೆ ಹೇಳಿ."

"ಲೆಕ್ಕ ಸರ್. ಕಾಲಾಳಿಗೆ ಒಂದು ಅಂಕ, ಕುದುರೆಗೂ ಒಂಟೆಗೂ ಮೂರು, ಆನೆಗೆ ಐದು. ಇರೋ ನಡೆಗಳನ್ನೆಲ್ಲ ಆಡಿ ನೋಡುತ್ತೆ. ತನ್ನದೊಂದು, ಎದುರಾಳಿಯದೊಂದು. ಕೊನೆಗೆ ಯಾವುದಕ್ಕೆ ಹೆಚ್ಚು ಅಂಕವೋ ಅದೇ ನಡೆ."

"ಇಲ್ಲಿ ಏನು ಆಡುತ್ತೆ?"

"ಮೇಷ್ಟ್ರು ಕುದುರೆಯನ್ನು ಕಾವಲಿಲ್ಲದೆ ಬಿಟ್ಟಿದ್ದಾರೆ. ಒಂಟೆಯಿಂದ ಅದನ್ನ ಹೊಡೆಯುತ್ತೆ. ಪುಕ್ಕಟೆ ಮೂರು ಅಂಕ. ಮಕ್ಕಳಿಗೂ ಗೊತ್ತಾಗುತ್ತೆ."

"ಮೇಷ್ಟ್ರ ಉತ್ತರ?"

"ಒಂಟೆ ಹೋದ್ರೆ ದಾರಿ ತೆರೀತು. ಆನೆ ಕೊನೆ ಸಾಲಿಗೆ. ರಾಜನಿಗೆ ಷಾ, ಅಂದ್ರೆ ಮುತ್ತಿಗೆ. ಇನ್ನೊಂದು ನಡೆಗೆ ಆಟ ಮುಗೀತು."

ಸುಬ್ಬಪ್ಪ ಎರಡು ಕಾರ್ಡುಗಳನ್ನು ಮಣೆಯ ಮೇಲಿಟ್ಟ. "ಯಂತ್ರ ಕುದುರೆಯನ್ನು ಹೊಡೀಲಿಲ್ಲ. ಒಂದು ಕಾಲಾಳನ್ನು ಮುಂದೆ ತಳ್ಳಿತು. ಈಗ ಅದು ನಾಲ್ಕು ನಡೆ ನೋಡುತ್ತೆ. ರಾಜ ಸಿಕ್ಕಿಬೀಳೋದು ಕಂಡಿತು, ಕುದುರೆಯ ಮೂರು ಅಂಕ ಬೇಡ ಅಂತು."

ಶ್ರೀಕೃಷ್ಣನ ಬೆರಳು ಮಣೆಯ ಮೇಲಿನ ಒಂಟೆಯತ್ತ ಹೋಯಿತು.

"ಈ ಕಾರ್ಡನ್ನು ನೋಡಿದ್ದಿದ್ರೆ ಮೇಷ್ಟ್ರು ಆನೆ ನಡೆಸ್ತಿರಲಿಲ್ಲ. ಬರೆದವನು ನೋಡಿಲ್ಲ. ಕಾರ್ಡು ಬರೋ ಮೊದಲೇ, ಯಂತ್ರ ಕುದುರೆಯನ್ನೇ ಹೊಡೆಯುತ್ತೆ ಅಂತ ಊಹಿಸಿ, ಮೇಷ್ಟ್ರ ಅಕ್ಷರದಂತೆ ಬರೆದ. ಹನ್ನೊಂದರ ಬಸ್ಸಿಗೆ ಮುಂಚೆ ಅಂಚೆ ಡಬ್ಬಿಗೆ ಹಾಕಿದ, ಅದು ನಾಲ್ಕರ ಚೀಲಕ್ಕೇ ಹೋಗುತ್ತೆ ಅಂತ ಗೊತ್ತಿತ್ತು. ಮೇಷ್ಟ್ರು ಎರಡು ಗಂಟೆ ಮೇಲೂ ಇದ್ರು ಅಂತ ನಾವು ನಂಬಬೇಕಿತ್ತು, ನಂಬಿದ್ವಿ. ಇಷ್ಟು ಆಟ ಗೊತ್ತಿದ್ದು ಅವತ್ತು ಹನ್ನೊಂದಕ್ಕೆ ಊರು ಬಿಟ್ಟವರು ನೀವೊಬ್ಬರೇ. ಯಾಕೆ ಶ್ರೀಕೃಷ್ಣ?"

ಅವನು ಬಾಯಿಬಿಟ್ಟ. ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಹುಡುಗರಿಗೆ ಮೊದಲೇ ಕೊಟ್ಟಿದ್ದ. ಮೇಷ್ಟ್ರಿಗೆ ತಿಳಿಯಿತು.

"ನೀನೇ ಹೋಗಿ ಒಪ್ಪಿಕೋ, ಇಲ್ಲದಿದ್ರೆ ನಾನು ಬರೀತೀನಿ ಅಂದ್ರು. ಲೆಕ್ಕ ಕಲಿಸಿದವರು ಸರ್. ಟವೆಲು ಬಿಗಿಯೋವಾಗ ನನ್ನ ಹೆಸರೇ ಕರೀತಿದ್ರು."

ಸುಬ್ಬಪ್ಪನಿಗೆ ಅವನ ಮುಖ ನೋಡಲಾಗಲಿಲ್ಲ. ನೋಡುವ ಯೋಗ್ಯತೆ ತನಗಿದೆ ಅನ್ನಿಸಲಿಲ್ಲ.

* * *

ವರದಿಯಲ್ಲಿ ಅವನು ಎಲ್ಲವನ್ನೂ ಬರೆದ. ಕಾರ್ಡು ನೆಲದ ಮೇಲಿತ್ತು, ಎತ್ತಿಟ್ಟವನು ನಾನು. ಮಾಸ್ತಪ್ಪ ನಿಜ ಹೇಳಿದ್ದ, ಹೊಡೆದವನು ನಾನು.

"ಕೊನೇದನ್ನ ಬಿಡಿ ಸರ್, ಯಾರೂ ಕೇಳಲ್ಲ," ಎಂದ ಠಾಣೆಯ ರೈಟರ್.

"ಇರಲಿ."

ಕೋರ್ಟು ಮಾಸ್ತಪ್ಪನನ್ನು ಬಿಟ್ಟ ದಿನ ಸುಬ್ಬಪ್ಪ ತಾನೇ ಜೀಪಿನಲ್ಲಿ ಊರಿಗೆ ಕರೆದೊಯ್ದ. ಹಿಂದಿನ ಸೀಟಿನಲ್ಲಿ ಅವನ ಎಡಕ್ಕೆ ಕೂತು, ದಾರಿಯಲ್ಲಿ ಎರಡು ಸಲ ಮಾತು ತೆಗೆದ. ಮಾಸ್ತಪ್ಪನ ಎಡಗಿವಿ ಅವನ ಕಡೆಗಿತ್ತು. ಉತ್ತರ ಬರಲಿಲ್ಲ.

ಹೆಂಡತಿ ಕೆರಿಯಮ್ಮ ಅಂಗಳಕ್ಕೆ ಬಂದಳು. ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಏನೋ ಕೇಳಿದಳು. ಅವನು ತಲೆ ತಿರುಗಿಸಿ ಬಲಗಿವಿ ಕೊಟ್ಟದ್ದು ಕಂಡು ಸುಬ್ಬಪ್ಪನ ಕಡೆ ತಿರುಗಿದಳು.

"ಹೊಡೆದಿದ್ದು ನಾನಮ್ಮ. ಅವನದೇನೂ ತಪ್ಪಿರಲಿಲ್ಲ," ಎಂದ ಸುಬ್ಬಪ್ಪ.

ಕೆರಿಯಮ್ಮ ಬೈಯಲಿಲ್ಲ, ಅಳಲಿಲ್ಲ. "ಶಿವಮೊಗ್ಗದಾಗೆ ಕಿವಿ ಡಾಕ್ಟ್ರು ಇದಾರಂತೆ," ಎಂದಳು. "ನಾಳೆ ಜೀಪು ಬರುತ್ತಾ?"

"ಬರುತ್ತೆ."

"ಬೆಳಿಗ್ಗೇನೇ ಬರ್ಬೇಕು," ಎಂದು ಅವಳು ಗಂಡನ ಬಲಗಡೆಗೆ ಹೋಗಿ ನಿಂತು, ಊಟಕ್ಕೆ ಬಾ ಎಂದಳು.