ನಲವತ್ತೊಂದನೇ ಪುಟದ ಅಪ್ಪ

"ಅಪ್ಪಾ, ಬಿಚ್ಚಿಬಿಟ್ಯಾ?"

ಶಾಲೆಯಿಂದ ಏದುಸಿರು ಬಿಡುತ್ತಾ ಓಡಿಬಂದ ಪಟಪಟಿ ಬಾಗಿಲಲ್ಲೇ ನಿಂತು ಕೇಳಿದಳು. ಬಾಯಿ ತೆರೆದರೆ ಮುಚ್ಚುವುದಿಲ್ಲ ಎಂದು ಅವಳಿಗೆ ಮನೆಯಲ್ಲೂ ಶಾಲೆಯಲ್ಲೂ ಅದೇ ಹೆಸರು.

"ಹೂಂ, ಬಿಚ್ಚಿದೆ," ಎಂದ ಅಪ್ಪ.

ಅಪ್ಪ ಪುಸ್ತಕ ಬೈಂಡ್ ಮಾಡುವವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಗೋಂದಿನ ಡಬ್ಬಿ, ರಟ್ಟು, ದಾರದ ಉಂಡೆಗಳ ನಡುವೆ ಶಾಲೆಯ ಹಳೇ ಕಾದಂಬರಿ ಹೊಲಿಗೆ ಬಿಚ್ಚಿಸಿಕೊಂಡು, ಕಂತೆ ಕಂತೆಯಾಗಿ ಬಿದ್ದಿತ್ತು.

"ಪುಟಗಳನ್ನೆಲ್ಲ ನೋಡಿಯಾಯ್ತಾ?"

"ಆಯ್ತು."

ಪಟಪಟಿ ಬ್ಯಾಗು ಹೊತ್ತುಕೊಂಡೇ ನಿಂತಳು.

ಹೊಲಿಯುವ ಮೊದಲು ಅಪ್ಪ ಒಂದೊಂದು ಹಾಳೆಯನ್ನೂ ತಿರುಗಿಸಿ ನೋಡುತ್ತಾನೆ. ಮಡಚಿದ ಮೂಲೆ ಬಿಡಿಸುತ್ತಾನೆ, ಪೆನ್ಸಿಲ್ ಗೀಚಿದ್ದರೆ ರಬ್ಬರ್‌ನಿಂದ ಅಳಿಸುತ್ತಾನೆ. ಇದು ಪಟಪಟಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬೆಳಿಗ್ಗೆ ಪುಸ್ತಕ ಕೊಡುವಾಗ ಮರೆತೇಹೋಗಿತ್ತು. ಲೆಕ್ಕದ ಪಿರಿಯಡ್‌ನಲ್ಲಿ ಧಿಗ್ಗನೆ ನೆನಪಾಗಿ, ಆಮೇಲೆ ಒಂದು ಲೆಕ್ಕವೂ ತಲೆಗೆ ಹತ್ತಲಿಲ್ಲ.

ಅವಳ ಕ್ಲಾಸಿಗೆಲ್ಲ ಆ ಕಾದಂಬರಿಯ ಒಂದೇ ಒಂದು ಕಾಪಿ ಇತ್ತು. ಒಬ್ಬೊಬ್ಬರಿಗೆ ಎರಡೆರಡು ದಿನ. ಓದಿ, 'ಈ ಪುಸ್ತಕದಿಂದ ನಾನು ಕಲಿತದ್ದು' ಎಂದು ಒಂದು ಪುಟ ಬರೆದು ಎಲ್ಲರೆದುರು ಓದಬೇಕು. ಪಟಪಟಿಯ ಸರದಿ ಬರುವಷ್ಟರಲ್ಲಿ ಪುಸ್ತಕ ಚಿಂದಿಯಾಗಿತ್ತು. "ನಿಮ್ಮಪ್ಪನ ಹತ್ರ ಬೈಂಡ್ ಮಾಡಿಸ್ಕೊಂಡು ಬಾರಮ್ಮ," ಎಂದಿದ್ದರು ಮಿಸ್.

ಕತೆಯೇನೋ ಭಾರೀ ತಮಾಷೆಯದು. ಆ ಕತೆಯ ಊರಿನಲ್ಲಿ ಪ್ರತಿಯೊಬ್ಬರೂ ತಾನೊಬ್ಬನೇ ಜಾಣ ಅಂದುಕೊಂಡವರು. ಉಪ್ಪಿನ ಡಬ್ಬಿಗೂ ಬೀಗ ಹಾಕುವ ಕೀಲಿಕೈಯಮ್ಮ. ಕಳ್ಳನ ಹೆಗಲಿಗೇ ಒರಗಿ ನಿದ್ದೆ ಹೊಡೆಯುವ ಕಾವಲುಗಾರ. ಬಾವಿ ತೋಡುವವರಿಗೆ ಸಲಹೆ ಕೊಡುತ್ತಾ ಕೊಡುತ್ತಾ ತಾನೇ ಬಾವಿಗೆ ಬಿದ್ದು, ಒಳಗಿನಿಂದಲೂ ಸಲಹೆ ಕೂಗುವ ಸಲಹೆರಾಯ.

ಓದಿ ಓದಿ ಪಟಪಟಿಗೆ ನಕ್ಕು ಹೊಟ್ಟೆ ಹುಣ್ಣಾಯಿತು. ಕೈಯಲ್ಲಿ ಪೆನ್ಸಿಲ್ ಬೇರೆ ಇತ್ತು. ಕೀಲಿಕೈಯಮ್ಮನ ಪಕ್ಕ 'ನಮ್ಮತ್ತೆ' ಎಂದು ಬರೆದಳು. ಕಾವಲುಗಾರನ ಪಕ್ಕ 'ಡ್ರಿಲ್ ಮೇಷ್ಟ್ರು'. ನಲವತ್ತೊಂದನೇ ಪುಟದಲ್ಲಿ, ಬಾವಿಯೊಳಗಿನ ಸಲಹೆರಾಯನ ಪಕ್ಕ, ದಪ್ಪ ಅಕ್ಷರದಲ್ಲಿ 'ಇವನು ಥೇಟ್ ನಮ್ಮಪ್ಪ!!'

ಸುಳ್ಳೇನಲ್ಲ. ನೀರು ಕುಡಿಯುವುದು ಹೇಗೆ, ಛತ್ರಿ ಬಿಡಿಸುವುದು ಹೇಗೆ, ಸೀನುವಾಗ ಯಾವ ಕಡೆ ತಿರುಗಬೇಕು, ಎಲ್ಲದಕ್ಕೂ ಅಪ್ಪನ ಹತ್ತಿರ ಸಲಹೆ ಇತ್ತು. ಪೋಸ್ಟ್‌ಮ್ಯಾನ್‌ಗೆ ಸೈಕಲ್ ನಿಲ್ಲಿಸುವುದನ್ನು ಹೇಳಿಕೊಟ್ಟ ಮಹಾರಾಯ ಅವನು! ಬೇರೆ ದಿನವಾಗಿದ್ದರೆ ಹೀಗೆ ಓಡಿಬಂದ ಪಟಪಟಿಗೆ ಬ್ಯಾಗು ಇಳಿಸುವ ಕ್ರಮದಿಂದ ಶುರುವಾಗಿ ಕಾಲು ಗಂಟೆ ಪಾಠವಾಗುತ್ತಿತ್ತು. ಇವತ್ತು ಅಪ್ಪ ತಲೆ ಬಗ್ಗಿಸಿ ದಾರ ಪೋಣಿಸುತ್ತಾ ಕೂತ.

ಊಟಕ್ಕೆ ಕೂತಾಗಲೂ ಅಷ್ಟೇ. ಪಟಪಟಿ ಬೇಕೆಂದೇ ಗಬಗಬ ನುಂಗಿದಳು. ಅಪ್ಪ ಬಾಯಿ ತೆರೆದ, ಅವಳನ್ನು ನೋಡಿದ, ಮುಚ್ಚಿಕೊಂಡ.

"ಏನ್ರೀ, ಮೈ ಹುಷಾರಿಲ್ವಾ? ಮನೆ ಬಿಕೋ ಅಂತಿದೆ," ಎಂದಳು ಅಮ್ಮ.

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ," ಎಂದ ಅಪ್ಪ.

ಮರುದಿನ ಬೆಳಿಗ್ಗೆ ಒಂದು ಶೂವಿನ ಲೇಸ್ ಕಟ್ಟದೆ ಪಟಪಟಿ ಅವನೆದುರಿಗೇ ಎರಡು ಸಲ ಓಡಾಡಿದಳು. ಅಪ್ಪನಿಗೆ ತಡೆಯಲಾಗದೆ ಕೈ ಮುಂದೆ ಬಂತು. ಆ ಕೈ ಹಾಗೇ ಹೋಗಿ ಗೋಂದಿನ ಡಬ್ಬಿ ಎತ್ತಿಕೊಂಡಿತು. ಅವಳಿಗೆ ಅಳು ಬಂದಂತಾಯಿತು. ಬೈದಿದ್ದರೂ ಎಷ್ಟೋ ವಾಸಿಯಿತ್ತು.

ಕ್ಲಾಸಿನಲ್ಲಿ ಅವಳ ಸರದಿ ಬಂತು. ಬರೆದದ್ದನ್ನು ಓದಿದಳು. ಜಿಪುಣತನ ಮಾಡಬಾರದು. ಕೆಲಸದ ಹೊತ್ತಿನಲ್ಲಿ ತೂಕಡಿಸಬಾರದು. ಕೇಳದೆ ಸಲಹೆ ಕೊಡಬಾರದು. ಹೀಗೆ ಒಂಬತ್ತು ಪಾಠಗಳು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಚೆನ್ನಾಗಿ ಬರ್ದಿದ್ದೀಯ ಪುಟ್ಟಾ," ಎಂದರು ಮಿಸ್. "ಸರಿ, ಇದ್ರಲ್ಲಿ ನಿನಗೆ ಅಂತ ಯಾವುದು?"

ಪಟಪಟಿ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದಳು. ಮೊದಲನೆಯದು ಅತ್ತೆಗೆ. ಎರಡನೆಯದು ಡ್ರಿಲ್ ಮೇಷ್ಟ್ರಿಗೆ. ಮೂರನೆಯದು ಅಪ್ಪನಿಗೆ. ಒಂಬತ್ತಕ್ಕೆ ಒಂಬತ್ತೂ ಯಾರ್ಯಾರಿಗೋ. ಹಾಳೆ ಮಗುಚಿ ಹಿಂದುಗಡೆಯನ್ನೂ ನೋಡಿದಳು, ಅಲ್ಲಿ ಖಾಲಿ.

"ನಾಳೆ ಹೇಳು, ಅವಸರವಿಲ್ಲ," ಎಂದು ಮಿಸ್ ನಕ್ಕರು.

ಸಂಜೆ ಅವಳು ಓಡಲಿಲ್ಲ, ನಡೆದೇ ಮನೆಗೆ ಬಂದಳು. ಅಪ್ಪ ಇನ್ನೂ ಹೊಲಿಯುತ್ತಿದ್ದ. ಪಕ್ಕದಲ್ಲಿ ಕೂತು ಮೆಲ್ಲಗೆ ಕಂತೆಗಳನ್ನು ತಿರುಗಿಸಿದಳು. ಅತ್ತೆಯ ಹೆಸರು ಅಳಿಸಿಹೋಗಿತ್ತು. ಡ್ರಿಲ್ ಮೇಷ್ಟ್ರ ಹೆಸರೂ ಇರಲಿಲ್ಲ. ನಲವತ್ತೊಂದನೇ ಪುಟದಲ್ಲಿ ಮಾತ್ರ 'ಇವನು ಥೇಟ್ ನಮ್ಮಪ್ಪ!!' ಇದ್ದ ಹಾಗೇ ಇತ್ತು.

"ಅಪ್ಪಾ, ಇದನ್ಯಾಕೆ ಅಳಿಸ್ಲಿಲ್ಲ?"

"ತಪ್ಪು ಇದ್ದಿದ್ದನ್ನ ಅಳಿಸ್ದೆ," ಎಂದ ಅಪ್ಪ, ಸೂಜಿಯಿಂದ ಕಣ್ಣು ತೆಗೆಯದೆ. "ಡ್ರಿಲ್ ಮೇಷ್ಟ್ರ ತಾಯಿಗೆ ಹುಷಾರಿಲ್ಲ. ರಾತ್ರಿಯೆಲ್ಲ ಅವರೇ ನೋಡ್ಕೋತಾರೆ, ಹಗಲು ಕಣ್ಣು ಎಳೆಯುತ್ತೆ. ಇನ್ನು ನಿಮ್ಮತ್ತೆ ಬೀರುಗೆ ಬೀಗ ಹಾಕಿದ್ದು, ನಿನಗೆ ಹೊಲೀತಿರೋ ಫ್ರಾಕು ನಿನ್ನ ಕಣ್ಣಿಗೆ ಬೀಳಬಾರ್ದು ಅಂತ. ಅಯ್ಯೋ! ಹೇಳ್ಬಿಟ್ನಲ್ಲ!" ಅಪ್ಪ ನಾಲಿಗೆ ಕಚ್ಚಿಕೊಂಡ.

"ಮತ್ತೆ ಇದು?"

"ಇದು ಸರಿಯಾಗೇ ಇದೆಯಲ್ಲ. ಸಲಹೆರಾಯನ್ನ ಓದ್ತಾ ಓದ್ತಾ ನಾನೂ ಬಿದ್ದೂ ಬಿದ್ದೂ ನಗ್ತಾ ಇದ್ದೆ. ಪಕ್ಕಕ್ಕೆ ನೋಡ್ತೀನಿ, ನನ್ನ ಹೆಸರು! ಮೊದಲು ಸ್ವಲ್ಪ ಚುರ್ ಅಂತು. ಆಮೇಲೆ ಅನ್ನಿಸ್ತು, ಪಾಪ, ಈ ಮಗು ದಿನಾ ಎಷ್ಟು ಸಹಿಸ್ಕೋಬೇಕು ಅಂತ."

ಪಟಪಟಿ ಹಾಳೆ ಮಗುಚಿದಳು. ಕಣ್ಣು ಮಂಜಾಗಿ ಅಕ್ಷರ ಕಾಣಲಿಲ್ಲ. ಒರೆಸಿಕೊಂಡು ನೋಡಿದರೆ ಎದುರಿಗಿದ್ದದ್ದು ಆ ಕತೆಯ ಊರಿನ ಗುಮಾಸ್ತನ ಪುಟ. ಮೊನ್ನೆ ಬೋರು ಎಂದು ಹಾರಿಸಿದ್ದಳು. ಈ ಗುಮಾಸ್ತ ಬೀದಿ ಬೀದಿ ಸುತ್ತಿ, ಊರಿನವರ ತಪ್ಪನ್ನೆಲ್ಲ ಹುಡುಕಿ ಹುಡುಕಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ತಾನು ಅಂಗಿ ಉಲ್ಟಾ ಹಾಕಿಕೊಂಡಿರುವುದು ಮಾತ್ರ ಅವನಿಗೆ ಸಂಜೆಯಾದರೂ ಗೊತ್ತಾಗುವುದಿಲ್ಲ.

ಎರಡು ಸಾಲು ಓದುವಷ್ಟರಲ್ಲಿ ಅವಳಿಗೆ ಕಿಸಕ್ಕನೆ ನಗು ಬಂತು. ನಾಲ್ಕನೇ ಸಾಲಿಗೆ ನಿಂತಿತು. ಕಿವಿ ಬಿಸಿಯಾಯಿತು.

"ಅಪ್ಪಾ, ನಾನೂ ಇದ್ದೀನಿ ಇದ್ರಲ್ಲಿ."

"ಹೌದಾ?" ಎಂದ ಅಪ್ಪ. ಯಾವ ಪುಟ ಎಂದು ಕೇಳಲಿಲ್ಲ.

ಅವಳು ಅವನ ಮೊಣಕೈಗೆ ಒರಗಿ ಕೂತಳು. "ನಿನ್ನೆಯಿಂದ ನೀನು ಏನೂ ಹೇಳ್ತಾನೇ ಇಲ್ಲ. ನಂಗೆ ಒಂಚೂರೂ ಹಿಡಿಸ್ತಿಲ್ಲ."

"ಹೇಳಿದ್ರೆ ಸಲಹೆರಾಯ ಅಂತೀಯ."

"ಅಂತೀನಿ. ಆದ್ರೂ ಹೇಳು."

ಅಪ್ಪ ಸೂಜಿ ಕೆಳಗಿಟ್ಟ. ಅವಳನ್ನು ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡ.

"ಮೊದಲನೇದಾಗಿ, ಹೊಲಿಯೋ ಕೈಗೆ ಹೀಗೆ ಒರಗಿ ಕೂರಬಾರ್ದು. ಎರಡನೇದಾಗಿ..."

ಪಟಪಟಿ ಒರಗಿದ್ದಲ್ಲಿಂದ ಏಳಲಿಲ್ಲ. ಅಪ್ಪ ಎಂಟನೆಯದಕ್ಕೆ ಬರುವವರೆಗೂ ಸುಮ್ಮನೆ ಕೇಳುತ್ತಾ ಕೂತಳು.